ಫ್ಯಾಟಿ ಲಿವರ್ ಮತ್ತು ಹೃದ್ರೋಗ

ಯಕೃತ್ತಿನ ಜೀವಕೋಶಗಳ ಪೈಕಿ ಶೇಕಡ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ನೋವಿಲ್ಲ, ಜ್ವರವಿಲ್ಲ, ಹಸಿವೂ ಕೆಡುವುದಿಲ್ಲ. ಪಿತ್ತಕೋಶದ ಕಲ್ಲು, ಗ್ಯಾಸ್ಟ್ರಿಕ್ ತೊಂದರೆ, ವಾರ್ಷಿಕ ತಪಾಸಣೆ ಹೀಗೆ ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಬಹುತೇಕರಿಗೆ ಇದು ಗೊತ್ತಾಗುತ್ತದೆ. ಲಿವರ್‌ನ ಕಾಯಿಲೆ ಎಂದಾಗ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ಸಿರೋಸಿಸ್ ಇವೇ ನೆನಪಿಗೆ ಬರುತ್ತವೆ; ಅವು ಕಾಣದಿದ್ದರೆ ವರದಿಯನ್ನು ಮಡಿಚಿ ಇಟ್ಟುಬಿಡುವುದು ರೂಢಿ. ಆದರೆ ಇಂಥವರನ್ನು ದಶಕಗಟ್ಟಲೆ ಹಿಂಬಾಲಿಸಿ, ಕೊನೆಗೆ ಅವರು ಯಾವುದರಿಂದ ತೀರಿಕೊಂಡರು ಎಂದು ಲೆಕ್ಕ ಇಟ್ಟ ಅಧ್ಯಯನಗಳು ಹೇಳುವುದು ಬೇರೆಯೇ. ಅವರ ಸಾವುಗಳಲ್ಲಿ ಯಕೃತ್ತಿನ ಪಾಲು ಚಿಕ್ಕದು, ಹೃದಯ ಮತ್ತು ರಕ್ತನಾಳಗಳ ಪಾಲು ದೊಡ್ಡದು. ಆದ್ದರಿಂದ ಸ್ಕ್ಯಾನಿಂಗ್ ವರದಿಯಲ್ಲಿ ಬರುವ ಈ ಎರಡು ಪದಗಳನ್ನು ಮೊದಲು ಹೃದಯದ ಕುರಿತ ಸೂಚನೆಯಾಗಿ, ಆಮೇಲೆ ಯಕೃತ್ತಿನ ಕುರಿತ ಸೂಚನೆಯಾಗಿ ಓದಬೇಕು.

ಹಿನ್ನೆಲೆ

ಕುಡಿತದಿಂದ ಯಕೃತ್ತು ಕೊಬ್ಬುಗಟ್ಟುತ್ತದೆ ಎಂಬುದು ಹಳೆಯ ತಿಳಿವಳಿಕೆ. ಮದ್ಯವನ್ನೇ ಮುಟ್ಟದವರಲ್ಲೂ ಅದೇ ಚಿತ್ರ ಕಂಡಾಗ ವೈದ್ಯರು ರೋಗಿ ಸುಳ್ಳು ಹೇಳುತ್ತಿದ್ದಾನೆ ಎಂದು ಶಂಕಿಸುತ್ತಿದ್ದ ಕಾಲವಿತ್ತು. 1980ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗೆನ್ ಲುಡ್ವಿಗ್ ಮತ್ತು ಸಹೋದ್ಯೋಗಿಗಳು ಅಂಥ 20 ರೋಗಿಗಳ ಯಕೃತ್ತಿನ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕುಡಿತವಿಲ್ಲದೆಯೂ ಇದೇ ಬಗೆಯ ಉರಿಯೂತ ಉಂಟಾಗುತ್ತದೆ ಎಂದು ದಾಖಲಿಸಿದರು. ಆ ರೋಗಿಗಳಲ್ಲಿ ಹೆಚ್ಚಿನವರಿಗೆ ಬೊಜ್ಜು ಇತ್ತು, ಹಲವರಿಗೆ ಸಕ್ಕರೆ ಕಾಯಿಲೆ ಇತ್ತು. ಹೃದ್ರೋಗಕ್ಕೆ ದಾರಿ ಮಾಡುವ ಸಂಗತಿಗಳು ಮೊದಲ ವರದಿಯಲ್ಲೇ ಕಾಣಿಸಿಕೊಂಡಿದ್ದವು, ಆದರೆ ಆಗ ಯಾರ ಗಮನವೂ ಅತ್ತ ಹರಿಯಲಿಲ್ಲ.

‘ಮದ್ಯೇತರ’ ಎಂಬ ವಿಶೇಷಣದೊಂದಿಗೆ ನಾಲ್ಕು ದಶಕ ಚಾಲ್ತಿಯಲ್ಲಿದ್ದ ಹೆಸರನ್ನು 2023ರಲ್ಲಿ ಅಂತರರಾಷ್ಟ್ರೀಯ ಯಕೃತ್ ತಜ್ಞರ ಸಂಘಗಳು ಬದಲಿಸಿದವು. ಈಗಿನ ವೈದ್ಯಕೀಯ ಹೆಸರಿನ ಸಂಕ್ಷೇಪ ಎಂಎಎಸ್‌ಎಲ್‌ಡಿ. ಚಯಾಪಚಯದ ಏರುಪೇರಿನಿಂದ ಬರುವ ಫ್ಯಾಟಿ ಲಿವರ್ ಎಂದು ಇದರ ತಾತ್ಪರ್ಯ. ಹೊಸ ವ್ಯಾಖ್ಯೆಯ ಪ್ರಕಾರ ಯಕೃತ್ತಿನಲ್ಲಿ ಕೊಬ್ಬು ಕಂಡರೆ ಸಾಲದು. ದೇಹತೂಕ ಅಥವಾ ಸೊಂಟದ ಸುತ್ತಳತೆ ಮಿತಿ ಮೀರಿರುವುದು, ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು, ರಕ್ತದೊತ್ತಡ 130/85 ಅಥವಾ ಅದಕ್ಕೂ ಮೇಲಿರುವುದು, ಟ್ರೈಗ್ಲಿಸರೈಡ್ 150 ಮುಟ್ಟಿರುವುದು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ತಗ್ಗಿರುವುದು ಈ ಐದರಲ್ಲಿ ಒಂದಾದರೂ ಜೊತೆಗಿರಬೇಕು. ಈ ಐದೂ ಹೃದ್ರೋಗದ ಅಪಾಯಸೂಚಕಗಳೇ. ಯಕೃತ್ತಿನ ಕಾಯಿಲೆಯೊಂದನ್ನು ಗುರುತಿಸಲು ಹೃದಯವೈದ್ಯರ ಪಟ್ಟಿಯನ್ನೇ ಬಳಸುವಷ್ಟು ಎರಡೂ ಹತ್ತಿರ ಬಂದಿವೆ.

ಕುಡಿತದ ಮಿತಿಯೂ ವ್ಯಾಖ್ಯೆಯ ಭಾಗ. ಗಂಡಸರಿಗೆ ವಾರಕ್ಕೆ 210 ಗ್ರಾಂ, ಹೆಂಗಸರಿಗೆ 140 ಗ್ರಾಂ ಆಲ್ಕೊಹಾಲ್ ದಾಟಿದರೆ ಅದು ಬೇರೆ ಗುಂಪಿಗೆ ಸೇರುತ್ತದೆ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್ಮಿನ 90 ಮಿಲಿಲೀಟರ್ ಪೊಟ್ಟಣದಲ್ಲಿ ಸುಮಾರು 30 ಗ್ರಾಂ ಆಲ್ಕೊಹಾಲ್ ಇರುತ್ತದೆ. ದಿನಕ್ಕೊಂದು ‘ನೈಂಟಿ’ ಹಾಕುವವನು, ತಾನು ಮಿತವಾಗಿ ಕುಡಿಯುವವನೆಂದು ನಂಬಿಕೊಂಡಿದ್ದರೂ, ವಾರದ ಕೊನೆಗೆ ಆ ಗೆರೆಯ ಮೇಲೇ ನಿಂತಿರುತ್ತಾನೆ. ಬೊಜ್ಜು, ಸಕ್ಕರೆ ಕಾಯಿಲೆ ಜೊತೆಗಿದ್ದವರಿಗೆ ಅದಕ್ಕಿಂತ ಕಡಿಮೆಯೂ ಹಾನಿಯೇ.

ಕೊಬ್ಬು ಬರುವ ದಾರಿ, ಹೋಗುವ ದಾರಿ

ಎಣ್ಣೆ–ತುಪ್ಪ ತಿಂದದ್ದೇ ಯಕೃತ್ತಿನಲ್ಲಿ ಕೂತಿದೆ ಎಂದು ಬಹುತೇಕರು ತಿಳಿಯುತ್ತಾರೆ. ಮಿನೆಸೋಟದ ಸಂಶೋಧಕರು ಐಸೊಟೋಪ್ ಗುರುತು ಹಾಕಿದ ಆಹಾರ ಕೊಟ್ಟು 2005ರಲ್ಲಿ ಮಾಡಿದ ಲೆಕ್ಕ ಈ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಯಕೃತ್ತಿನ ಕೊಬ್ಬಿನಲ್ಲಿ ಶೇ. 59ರಷ್ಟು ಬಂದದ್ದು ದೇಹದ ಕೊಬ್ಬಿನ ಸಂಗ್ರಹದಿಂದ ರಕ್ತಕ್ಕೆ ಸೋರಿದ ಕೊಬ್ಬಿನಾಮ್ಲಗಳಿಂದ; ಶೇ. 26ರಷ್ಟನ್ನು ಯಕೃತ್ತೇ ಸಕ್ಕರೆ–ಪಿಷ್ಟದಿಂದ ಹೊಸದಾಗಿ ತಯಾರಿಸಿಕೊಂಡಿತ್ತು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ.

ಇದರ ಹಿಂದೆ ಇರುವುದು ಇನ್ಸುಲಿನ್ ಪ್ರತಿರೋಧ. ಆರೋಗ್ಯವಂತರಲ್ಲಿ ಊಟವಾದ ಮೇಲೆ ಏರುವ ಇನ್ಸುಲಿನ್, ದೇಹದ ಕೊಬ್ಬಿನ ಸಂಗ್ರಹಕ್ಕೆ ‘ಸಾಕು, ಇನ್ನು ಬಿಡಬೇಡ’ ಎಂದು ಸೂಚಿಸುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದವರಲ್ಲಿ ಆ ಸೂಚನೆ ನಾಟುವುದಿಲ್ಲ. ಕೊಬ್ಬಿನಾಮ್ಲಗಳು ಸೋರುತ್ತಲೇ ಇರುತ್ತವೆ, ಯಕೃತ್ತು ಅವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಮಾತು ಕೇಳದ ಜೀವಕೋಶಗಳನ್ನು ಬಗ್ಗಿಸಲು ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ವಿಪರ್ಯಾಸವೆಂದರೆ, ಸಕ್ಕರೆಯಿಂದ ಕೊಬ್ಬು ತಯಾರಿಸು ಎಂಬ ಇನ್ಸುಲಿನ್‌ನ ಇನ್ನೊಂದು ಆದೇಶವನ್ನು ಯಕೃತ್ತು ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ತುಪ್ಪ ಬಿಟ್ಟು ಎರಡು ಹೊತ್ತು ತಟ್ಟೆ ತುಂಬ ಅನ್ನ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಹಾಕಿದ ಕಾಫಿ, ಸಂಜೆ ಬೇಕರಿಯ ಬನ್ನು, ಬಾಟಲಿಯ ಹಣ್ಣಿನ ರಸ ಮುಂದುವರಿಸಿದವರ ಲಿವರ್‌ನ ಕೊಬ್ಬು ಏಕೆ ಕರಗುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ಅದರಲ್ಲೂ ಫ್ರಕ್ಟೋಸ್ ಎಂಬ ಸಕ್ಕರೆಯ ಹೆಚ್ಚಿನ ಪಾಲನ್ನು ಒಡೆಯುವುದು ಯಕೃತ್ತೇ ಆದ್ದರಿಂದ ಸಿಹಿ ಪಾನೀಯಗಳ ಹೊರೆ ನೇರವಾಗಿ ಅದರ ಮೇಲೆಯೇ ಬೀಳುತ್ತದೆ.

ಯಕೃತ್ತು ಈ ಕೊಬ್ಬನ್ನು ಇಟ್ಟುಕೊಂಡು ಸುಮ್ಮನಿದ್ದರೆ ಹೃದಯಕ್ಕೆ ಅಷ್ಟು ತೊಂದರೆ ಇರಲಿಲ್ಲ. ಅದು ಹೆಚ್ಚುವರಿ ಕೊಬ್ಬನ್ನು ವಿಎಲ್‌ಡಿಎಲ್ ಎಂಬ ದೊಡ್ಡ ಕಣಗಳಲ್ಲಿ ತುಂಬಿ ರಕ್ತಕ್ಕೆ ಕಳಿಸುತ್ತದೆ. ಊಟದ ನಂತರ ಈ ರವಾನೆಯನ್ನು ತಡೆಯಬೇಕಾದದ್ದೂ ಇನ್ಸುಲಿನ್. ಫ್ಯಾಟಿ ಲಿವರ್‌ನಲ್ಲಿ ಆ ತಡೆ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ವಿಎಲ್‌ಡಿಎಲ್ ತುಂಬಿದಾಗ ಅದರ ಟ್ರೈಗ್ಲಿಸರೈಡ್ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್‌ಗೂ ಎಚ್‌ಡಿಎಲ್‌ಗೂ ಹಂಚಿಹೋಗುತ್ತದೆ. ಹಾಗೆ ಬದಲಾದ ಎಲ್‌ಡಿಎಲ್ ಕಿರಿದಾಗಿ, ದಟ್ಟವಾಗಿ, ಅಪಧಮನಿಯ ಗೋಡೆಯೊಳಕ್ಕೆ ಸುಲಭವಾಗಿ ನುಗ್ಗುತ್ತದೆ. ಎಚ್‌ಡಿಎಲ್ ಬೇಗ ನಶಿಸುತ್ತದೆ. ಇಂಥವರ ರಕ್ತಪರೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ 180 ಇದ್ದು ‘ನಾರ್ಮಲ್’ ಎಂದು ಬರೆದಿರಬಹುದು. ಅದೇ ಹಾಳೆಯಲ್ಲಿ ಟ್ರೈಗ್ಲಿಸರೈಡ್ 240, ಎಚ್‌ಡಿಎಲ್ 34 ಇರುತ್ತದೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದರೆ ಉಳಿಯುವ ಅಂಕಿ, ಅಂದರೆ ಇಲ್ಲಿ 146, ಹಾನಿಕಾರಕ ಕಣಗಳೆಲ್ಲದರ ಒಟ್ಟು ಹೊರೆಯನ್ನು ತೋರಿಸುತ್ತದೆ. ಫ್ಯಾಟಿ ಲಿವರ್ ಇರುವವರು ನೋಡಬೇಕಾದ ಅಂಕಿ ಅದು.

ಕೊಬ್ಬಿನ ಜೊತೆ ಉರಿಯೂತವೂ ಸೇರಿಕೊಂಡರೆ ಸಂಗತಿ ಇನ್ನಷ್ಟು ಬಿಗಡಾಯಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜನ್, ಹೆಪ್ಪು ಕರಗದಂತೆ ತಡೆಯುವ ಪಿಎಐ–1, ಉರಿಯೂತದ ಸೂಚಕವಾದ ಸಿಆರ್‌ಪಿ ಇವುಗಳ ತಯಾರಿಕೆಯಲ್ಲಿ ಯಕೃತ್ತಿಗೆ ದೊಡ್ಡ ಪಾತ್ರವಿದೆ. ಫ್ಯಾಟಿ ಲಿವರ್‌ನಲ್ಲಿ ಮೂರೂ ಏರುತ್ತವೆ. ಹೃದಯದ ಅಪಧಮನಿಯ ಗೋಡೆಯಲ್ಲಿ ಕಟ್ಟಿದ ಕೊಬ್ಬಿನ ಗಡ್ಡೆ ಒಡೆದ ಗಳಿಗೆಯಲ್ಲಿ ಅದರ ಮೇಲೆ ಹೆಪ್ಪು ಕೂತು ನಾಳ ಮುಚ್ಚಿಹೋದರೆ ಅದೇ ಹೃದಯಾಘಾತ.

ಹೃದಯದ ಸ್ನಾಯು, ಲಯ, ಮತ್ತು ತಿರುಗು ದಾರಿ

ಹೃದಯಾಘಾತ ಒಂದೇ ಅಲ್ಲ. ಫ್ಯಾಟಿ ಲಿವರ್ ಇರುವವರಲ್ಲಿ ಹೃದಯದ ಹೊರಮೈಯ ಕೊಬ್ಬು ದಪ್ಪವಾಗಿರುವುದು, ಎಡ ಹೃತ್ಕುಕ್ಷಿ ಸಲೀಸಾಗಿ ಸಡಿಲಗೊಳ್ಳದಿರುವುದು ಎಕೋ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಪಂಪು ಮಾಡುವ ಶಕ್ತಿ ಸರಿಯಿದ್ದೂ ಉಸಿರು ಕಟ್ಟುವ, ಕಾಲು ಊದುವ ಬಗೆಯ ಹೃದಯ ವೈಫಲ್ಯ ಇವರಲ್ಲಿ ಹೆಚ್ಚು. ಹೃತ್ಕರ್ಣದ ಕಂಪನವೂ ಹೆಚ್ಚು. ಅದರಿಂದ ಲಕ್ವದ ಅಪಾಯವೂ ಹೆಚ್ಚು.

ಸಂಬಂಧ ಒಮ್ಮುಖವೂ ಅಲ್ಲ. ಹೃದಯ ವೈಫಲ್ಯದಲ್ಲಿ ರಕ್ತ ಹಿಂದಕ್ಕೆ ಒತ್ತಿ ಯಕೃತ್ತಿನಲ್ಲಿ ನಿಂತಾಗ, ಕೊಯ್ದು ನೋಡಿದರೆ ಕೆಂಪು–ಹಳದಿ ಮಚ್ಚೆಗಳು ಕಾಣುತ್ತವೆ. ವೈದ್ಯಕೀಯದಲ್ಲಿ ಅದನ್ನು ಜಾಯಿಕಾಯಿ ಯಕೃತ್ತು ಎಂದೇ ಕರೆಯುತ್ತಾರೆ. ಹೃದಯದ ಲಯ ಸರಿಪಡಿಸಲು ಕೊಡುವ ಅಮಿಯೊಡರೋನ್ ಮಾತ್ರೆ ಕೆಲವರಲ್ಲಿ ಯಕೃತ್ತನ್ನು ಕೊಬ್ಬುಗಟ್ಟಿಸುತ್ತದೆ. ಹಾಗಾಗಿ ಆ ಮಾತ್ರೆ ನುಂಗುವವರಿಗೆ ಆಗಾಗ ಲಿವರ್ ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಸಾಕ್ಷ್ಯವೂ ವಾದವೂ

ಮಿನೆಸೋಟದ ಓಮ್‌ಸ್ಟೆಡ್ ಕೌಂಟಿಯ 420 ರೋಗಿಗಳ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಸರಾಸರಿ ಏಳೂವರೆ ವರ್ಷಗಳ ಅವಧಿಯಲ್ಲಿ ತೀರಿಕೊಂಡವರಲ್ಲಿ ಶೇ. 28 ಮಂದಿಗೆ ಕ್ಯಾನ್ಸರ್, ಶೇ. 25 ಮಂದಿಗೆ ಹೃದ್ರೋಗ, ಶೇ. 13 ಮಂದಿಗೆ ಮಾತ್ರ ಯಕೃತ್ತಿನ ಕಾಯಿಲೆ ಕಾರಣವಾಗಿತ್ತು. 2015ರಲ್ಲಿ ಬಂದ, ಬಯಾಪ್ಸಿ ಮಾಡಿಸಿದ್ದ 619 ಜನರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಹೃದಯ–ರಕ್ತನಾಳದ ಪಾಲು ಶೇ. 38ಕ್ಕೆ ಏರಿತ್ತು, ಯಕೃತ್ತಿನ ಪಾಲು ಶೇ. 8ಕ್ಕೆ ಇಳಿದಿತ್ತು. ಸಾವಿನ ಅಪಾಯ ಏರಿದ್ದು ಯಕೃತ್ತು ನಾರುಗಟ್ಟಿದ ಮಟ್ಟಕ್ಕೆ ತಕ್ಕಂತೆ, ಅಂದರೆ ಫೈಬ್ರೊಸಿಸ್‌ಗೆ ತಕ್ಕಂತೆ. ಬರೀ ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ ಅಲ್ಲ. 36 ಅಧ್ಯಯನಗಳ 58 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2021ರ ವಿಶ್ಲೇಷಣೆಯೂ ಇದನ್ನೇ ಹೇಳಿತು. ಫ್ಯಾಟಿ ಲಿವರ್ ಇದ್ದವರಲ್ಲಿ ಹೃದಯ–ರಕ್ತನಾಳದ ಅವಘಡಗಳು ಸುಮಾರು ಒಂದೂವರೆ ಪಟ್ಟು, ಫೈಬ್ರೊಸಿಸ್ ಬಲಿತವರಲ್ಲಿ ಎರಡೂವರೆ ಪಟ್ಟು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಫ್ಯಾಟಿ ಲಿವರನ್ನು ಹೃದಯದ ಅಪಾಯಕಾರಿ ಅಂಶವೆಂದು ಗುರುತಿಸಿ ಪ್ರತ್ಯೇಕ ಹೇಳಿಕೆ ಹೊರಡಿಸಿತು.

ಎಲ್ಲರೂ ಒಪ್ಪಿಲ್ಲ. ಇಟಲಿ, ನೆದರ್ಲೆಂಡ್ಸ್, ಸ್ಪೇನ್, ಬ್ರಿಟನ್ನಿನ ಸುಮಾರು 1.77 ಕೋಟಿ ಜನರ ವೈದ್ಯಕೀಯ ದಾಖಲೆ ಜಾಲಾಡಿ 2019ರಲ್ಲಿ ಪ್ರಕಟವಾದ ಅಧ್ಯಯನ, ರಕ್ತದೊತ್ತಡ, ಮಧುಮೇಹ, ಕೊಲೆಸ್ಟ್ರಾಲ್, ತೂಕ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಹೃದಯಾಘಾತದ ಹೆಚ್ಚುವರಿ ಅಪಾಯ ಉಳಿಯುವುದೇ ಇಲ್ಲ ಎಂದಿತು. ಅಂದರೆ ಯಕೃತ್ತಿನ ಕೊಬ್ಬು ಹೃದ್ರೋಗಕ್ಕೆ ಕಾರಣವೋ, ಅಥವಾ ಎರಡೂ ಒಂದೇ ಬೇರಿನ ಎರಡು ಕೊಂಬೆಗಳೋ?

ಈ ಪ್ರಶ್ನೆಗೆ ಅತ್ಯಂತ ಸೊಗಸಾದ ಉತ್ತರ ಬಂದದ್ದು ವಂಶವಾಹಿಗಳಿಂದ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೊಹೆನ್ ಅವರ ತಂಡ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ರೂಪಾಂತರ ಯಕೃತ್ತಿನ ಕೊಬ್ಬನ್ನು ಹೆಚ್ಚಿಸುತ್ತದೆ ಎಂದು ಪತ್ತೆಹಚ್ಚಿತು. ಮುಂದೆ ಟಿಎಂ6ಎಸ್‌ಎಫ್2 ಎಂಬ ಇನ್ನೊಂದು ಸಿಕ್ಕಿತು. ಇವನ್ನು ಹೊತ್ತವರಿಗೆ ಹುಟ್ಟಿನಿಂದಲೇ ಫ್ಯಾಟಿ ಲಿವರ್‌ನ ಒಲವು; ಸಿರೋಸಿಸ್‌ನ ಅಪಾಯವೂ ಹೆಚ್ಚು. ಆದರೆ ಅವರಿಗೆ ಹೃದಯಾಘಾತ ಹೆಚ್ಚಾಗುವುದಿಲ್ಲ, ತುಸು ಕಡಿಮೆಯೇ. ಟಿಎಂ6ಎಸ್‌ಎಫ್2 ರೂಪಾಂತರದಲ್ಲಿ ಕಾರಣವೂ ಸ್ಪಷ್ಟ. ವಿಎಲ್‌ಡಿಎಲ್ ಕಣಕ್ಕೆ ಕೊಬ್ಬು ತುಂಬುವ ಕೆಲಸ ಕುಂಠಿತವಾಗಿ ಕೊಬ್ಬು ಯಕೃತ್ತಿನಲ್ಲೇ ಉಳಿಯುತ್ತದೆ. ಯಕೃತ್ತು ಸೊರಗುತ್ತದೆ, ರಕ್ತನಾಳ ಉಳಿದುಕೊಳ್ಳುತ್ತದೆ. ಯಕೃತ್ತಿನಲ್ಲಿ ಕೊಬ್ಬು ಇರುವುದರಿಂದಲ್ಲ, ಅಲ್ಲಿಂದ ಅದು ರಕ್ತಕ್ಕೆ ಹೊರಡುವುದರಿಂದ ಹೃದಯಕ್ಕೆ ಕೇಡು ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಡ. ಹಾಗೆಂದು ವರದಿಯನ್ನು ಕಡೆಗಣಿಸಲು ಇದು ನೆಪವಾಗಬಾರದು. ಫ್ಯಾಟಿ ಲಿವರ್ ಇರುವ ಬಹುಪಾಲು ಜನರಲ್ಲಿ ಇರುವುದು ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧದ ಬಗೆಯೇ. ಅಲ್ಲಿ ಕೊಬ್ಬು ಕೂತಿರುವುದೂ ಉಂಟು, ಹೊರಡುತ್ತಿರುವುದೂ ಉಂಟು.

ಭಾರತದಲ್ಲಿ

ದಿಲ್ಲಿಯ ಏಮ್ಸ್ ತಜ್ಞರು ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಮಾಡಿದ ಅಂದಾಜಿನಂತೆ ವಯಸ್ಕರಲ್ಲಿ ಶೇ. 38ರಷ್ಟು, ಮಕ್ಕಳಲ್ಲಿ ಶೇ. 35ರಷ್ಟು ಮಂದಿಗೆ ಫ್ಯಾಟಿ ಲಿವರ್ ಇದೆ. ಆಸ್ಪತ್ರೆಗೆ ಬಂದವರ ಅಧ್ಯಯನಗಳೂ ಈ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ನೆನಪಿಡಬೇಕಾದರೂ ಇದು ಚಿಕ್ಕ ಸಂಖ್ಯೆಯಲ್ಲ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ಹೊಟ್ಟೆಯ ಬೊಜ್ಜು ಸುಮಾರು ಶೇ. 40ರಷ್ಟು ಜನರಲ್ಲಿತ್ತು.

ತೆಳ್ಳಗಿರುವವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಮಾಡಿರುವ ಹಾನಿ ದೊಡ್ಡದು. ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಬಡ ಗ್ರಾಮೀಣ ಜನರಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 8.7 ಮಂದಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕಡಿಮೆ. ಕೈಕಾಲು ಸಣ್ಣ, ಹೊಟ್ಟೆ ಮುಂದೆ ಎಂಬ ಮೈಕಟ್ಟು ನಮ್ಮಲ್ಲಿ ಮನೆಮನೆಯಲ್ಲೂ ಉಂಟು. ತೂಕದ ಯಂತ್ರ ಅದನ್ನು ಹಿಡಿಯುವುದಿಲ್ಲ, ಅಳತೆ ಪಟ್ಟಿ ಹಿಡಿಯುತ್ತದೆ. ಅದಕ್ಕಾಗಿಯೇ ಏಷ್ಯಾದವರಿಗೆ ಬಿಎಂಐ ಮಿತಿ 23, ಸೊಂಟದ ಮಿತಿ ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿರುವುದು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವುದು 53ರ ಆಸುಪಾಸಿನಲ್ಲಿ. ಉಳಿದ ದೇಶಗಳವರಿಗಿಂತ ಸುಮಾರು ಆರು ವರ್ಷ ಮುಂಚೆ.

ಕುಳಿತು ದುಡಿಯುವ ನಗರವಾಸಿಗಳ ಸ್ಥಿತಿ ಇನ್ನೂ ಕಳವಳಕಾರಿ. ಹೈದರಾಬಾದ್ ವಿಶ್ವವಿದ್ಯಾಲಯ ಮತ್ತು ಎಐಜಿ ಆಸ್ಪತ್ರೆಯವರು 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 84 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿತ್ತು. ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನ ಊಟ, ಗಂಟೆಗಟ್ಟಲೆ ಕುರ್ಚಿ ಇವು ಬೆಂಗಳೂರಿನ ಐಟಿ ವಲಯಕ್ಕೂ ಹೊಸತಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ 2021ರ ಫೆಬ್ರುವರಿಯಲ್ಲಿ ಫ್ಯಾಟಿ ಲಿವರನ್ನು ಕ್ಯಾನ್ಸರ್, ಮಧುಮೇಹ, ಹೃದ್ರೋಗ, ಪಾರ್ಶ್ವವಾಯು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ಪ್ರತ್ಯೇಕ ಯಕೃತ್ ಯೋಜನೆ ಮಾಡದೆ ಹೃದ್ರೋಗದ ಯೋಜನೆಯೊಳಗೇ ಇಟ್ಟದ್ದು ಸರಿಯಾದ ತೀರ್ಮಾನ. 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ತುಂಬುವ ನಮೂನೆಯಲ್ಲಿ ಸೊಂಟದ ಸುತ್ತಳತೆಗೆ ಅಂಕ ಕೊಡುವ ಕಲಂ ಇದೆ. ಫ್ಯಾಟಿ ಲಿವರ್‌ಗೂ ಹೃದ್ರೋಗಕ್ಕೂ ಒಟ್ಟಿಗೆ ನಡೆಯುವ ತಪಾಸಣೆಯಲ್ಲಿ ಇದಕ್ಕಿಂತ ಅಗ್ಗದ್ದು ಬೇರೊಂದಿಲ್ಲ.

ಪತ್ತೆ

ಅಲ್ಟ್ರಾಸೌಂಡ್ ವರದಿಯಲ್ಲಿ ಬರುವ ಗ್ರೇಡ್ 1, 2, 3 ಎಂಬುದು ಯಕೃತ್ತು ಪರದೆಯ ಮೇಲೆ ಎಷ್ಟು ಬಿಳಿಚಿಕೊಂಡು ಕಾಣುತ್ತದೆ ಎಂಬುದರ ಅಂದಾಜು. ಕೊಬ್ಬು ಅಲ್ಪವಾಗಿದ್ದರೆ ಅದು ಕಾಣುವುದೇ ಇಲ್ಲ. ನಾರುಗಟ್ಟಿದೆಯೇ ಇಲ್ಲವೇ ಎಂಬುದನ್ನು ಗ್ರೇಡ್ ಹೇಳುವುದಿಲ್ಲ; ಗ್ರೇಡ್ 1 ಇದ್ದವರಲ್ಲೂ ಫೈಬ್ರೊಸಿಸ್ ಬಲಿತಿರಬಹುದು. ರಕ್ತದಲ್ಲಿ ಅಳೆಯುವ ಯಕೃತ್ತಿನ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಮಿತಿಯೊಳಗೇ ಇದ್ದು ಕಾಯಿಲೆ ಮುಂದುವರಿದಿರುವುದೂ ಸಾಮಾನ್ಯ.

ಫೈಬ್ರೊಸಿಸ್ ಅಂದಾಜಿಸಲು ಸುಲಭ ದಾರಿ ಫಿಬ್–4 ಎಂಬ ಲೆಕ್ಕ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಪ್ಲೇಟ್‌ಲೆಟ್ ಎಣಿಕೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. 52 ವರ್ಷದ ಒಬ್ಬರ ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.8 ಲಕ್ಷ, ಅಂದರೆ ಲೆಕ್ಕಕ್ಕೆ 180, ಎಂದಿಟ್ಟುಕೊಳ್ಳಿ. 2496ನ್ನು 1440ರಿಂದ ಭಾಗಿಸಿದರೆ 1.73. ಇದು 1.3ಕ್ಕಿಂತ ಕಡಿಮೆಯಿದ್ದರೆ ಬಲಿತ ಫೈಬ್ರೊಸಿಸ್ ಇರುವ ಸಂಭವ ಕಡಿಮೆ, 2.67 ದಾಟಿದರೆ ಹೆಚ್ಚು. ನಡುವೆ ಬಂದವರಿಗೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಬೇಕು. 65 ದಾಟಿದವರಿಗೆ ಕೆಳಗಿನ ಮಿತಿ 2. ತಾಲ್ಲೂಕು ಆಸ್ಪತ್ರೆಯ ರಕ್ತಪರೀಕ್ಷೆಯಲ್ಲೇ ಸಿಗುವ ಅಂಕಿಗಳಿವು. ಹೃದಯದ ಕಡೆಯಿಂದ ರಕ್ತದೊತ್ತಡ, ಮೂರು ತಿಂಗಳ ಸಕ್ಕರೆ ಸರಾಸರಿ, ಲಿಪಿಡ್ ಪರೀಕ್ಷೆ, ಕುಟುಂಬದಲ್ಲಿ ಹೃದ್ರೋಗದ ಇತಿಹಾಸ, ಬೀಡಿ–ಸಿಗರೇಟಿನ ವಿಚಾರಣೆ ಫ್ಯಾಟಿ ಲಿವರ್ ಕಂಡ ಪ್ರತಿಯೊಬ್ಬರಿಗೂ ಆಗಲೇಬೇಕು.

ಚಿಕಿತ್ಸೆ

ತೂಕ ಇಳಿಸುವುದಕ್ಕೆ ಸರಿಸಮನಾದ ಔಷಧ ಇನ್ನೂ ಬಂದಿಲ್ಲ. ಕ್ಯೂಬಾದ ಹವಾನಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಪಥ್ಯ–ವ್ಯಾಯಾಮದಲ್ಲಿಟ್ಟು, ಮೊದಲೂ ಕೊನೆಗೂ ಬಯಾಪ್ಸಿ ಮಾಡಿ 2015ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ತೂಕದಲ್ಲಿ ಶೇ. 10 ಅಥವಾ ಹೆಚ್ಚು ಇಳಿಸಿದವರ ಪೈಕಿ ಶೇ. 90 ಮಂದಿಯ ಯಕೃತ್ತಿನ ಉರಿಯೂತ ವಾಸಿಯಾಯಿತು, ಶೇ. 45 ಮಂದಿಯ ಫೈಬ್ರೊಸಿಸ್ ಹಿಂದೆ ಸರಿಯಿತು. ಅಷ್ಟು ಇಳಿಸಲು ಸಾಧ್ಯವಾದದ್ದು ಹತ್ತರಲ್ಲಿ ಒಬ್ಬರಿಗೆ ಎಂಬುದೂ ಅದೇ ಅಧ್ಯಯನದ ಸತ್ಯ. 80 ಕಿಲೊ ತೂಗುವವರಿಗೆ ಅದು 8 ಕಿಲೊ. ತೂಕ ಇಳಿಯದಿದ್ದರೂ ನಿಯಮಿತ ನಡಿಗೆಯಿಂದ ಯಕೃತ್ತಿನ ಕೊಬ್ಬು ತಗ್ಗುತ್ತದೆ, ರಕ್ತದೊತ್ತಡವೂ ಹತೋಟಿಗೆ ಬರುತ್ತದೆ. ಸಕ್ಕರೆ ಹಾಕದ ಕಾಫಿ ಕುಡಿಯುವವರಿಗೆ ಸಮಾಧಾನದ ಮಾತೂ ಉಂಟು. ಕಾಫಿ ಕುಡಿಯುವವರಲ್ಲಿ ಫೈಬ್ರೊಸಿಸ್ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಸ್ಟಾಟಿನ್ ಮಾತ್ರೆಗಳ ಬಗ್ಗೆ ಒತ್ತಿ ಹೇಳಬೇಕಾದ್ದಿದೆ. ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಸ್ಟಾಟಿನ್, ರೊಸುವಸ್ಟಾಟಿನ್ ಮಾತ್ರೆ ನುಂಗುತ್ತಿರುವವರ ಎಸ್‌ಜಿಪಿಟಿ ತುಸು ಏರಿದ್ದು ಕಂಡರೆ ‘ಲಿವರ್‌ಗೆ ಹೊಡೆತ’ ಎಂದು ಮಾತ್ರೆ ನಿಲ್ಲಿಸುವುದು ಈಗಲೂ ನಡೆಯುತ್ತಿದೆ. ಗ್ರೀಸ್‌ನ ಗ್ರೇಸ್ ಅಧ್ಯಯನದ 2010ರ ವಿಶ್ಲೇಷಣೆ ನೋಡಿ. ಲಿವರ್ ಪರೀಕ್ಷೆ ಏರುಪೇರಾಗಿದ್ದ ಹೃದ್ರೋಗಿಗಳಲ್ಲಿ ಸ್ಟಾಟಿನ್ ಪಡೆದ 227 ಜನರ ಪೈಕಿ ಹೃದಯ–ರಕ್ತನಾಳದ ಅವಘಡಕ್ಕೆ ಈಡಾದವರು 22, ಪಡೆಯದ 210 ಜನರಲ್ಲಿ 63. ಸ್ಟಾಟಿನ್ ಪಡೆದವರ ಲಿವರ್ ಪರೀಕ್ಷೆಯೂ ಸುಧಾರಿಸಿತು. ಲಿವರ್ ಉಳಿಸಲು ಹೋಗಿ ಸ್ಟಾಟಿನ್ ಬಿಟ್ಟವರು ಹೃದಯವನ್ನು ಅಪಾಯಕ್ಕೆ ಒಡ್ಡುತ್ತಾರೆ. ಸಿರೋಸಿಸ್ ಉಲ್ಬಣಿಸಿದವರ ವಿಷಯ ಬೇರೆ. ಅದನ್ನು ತಜ್ಞರೇ ನಿರ್ಧರಿಸಬೇಕು. ಅಂಗಡಿಯಲ್ಲಿ ಸಿಗುವ ‘ಲಿವರ್ ಟಾನಿಕ್’ಗಳಿಂದ ಹೃದಯಾಘಾತ ತಪ್ಪಿದ್ದಕ್ಕೆ ಪುರಾವೆ ಇಲ್ಲ.

ಔಷಧಗಳಲ್ಲಿ, ಅಹಮದಾಬಾದಿನ ಝೈಡಸ್ ಕಂಪನಿಯ ಸರೋಗ್ಲಿಟಜಾರ್‌ಗೆ ಭಾರತದ ಔಷಧ ನಿಯಂತ್ರಕರು 2020ರಲ್ಲಿ ಈ ಕಾಯಿಲೆಗಾಗಿ ಒಪ್ಪಿಗೆ ಕೊಟ್ಟರು. ಅದು ಟ್ರೈಗ್ಲಿಸರೈಡನ್ನೂ ಇಳಿಸುತ್ತದೆ. ಅಮೆರಿಕದಲ್ಲಿ 2024ರ ಮಾರ್ಚಿನಲ್ಲಿ ಒಪ್ಪಿಗೆ ಪಡೆದ ರೆಸ್ಮೆಟಿರೋಮ್ ಎಲ್‌ಡಿಎಲ್ ಇಳಿಸುತ್ತದೆ; ಆದರೆ ಹೃದಯಾಘಾತ ತಪ್ಪಿಸುತ್ತದೆ ಎಂದು ಸಾಬೀತಾಗಿಲ್ಲ. ಪಯೊಗ್ಲಿಟಜೋನ್ ಯಕೃತ್ತಿನ ಉರಿಯೂತಕ್ಕೆ ಒಳ್ಳೆಯದು, ಆದರೆ ಮೈಯಲ್ಲಿ ನೀರು ನಿಲ್ಲಿಸುವುದರಿಂದ ಹೃದಯ ವೈಫಲ್ಯ ಇರುವವರಿಗೆ ಕೊಡುವಂತಿಲ್ಲ. ಎರಡೂ ಅಂಗಗಳಿಗೆ ಪ್ರಯೋಜನ ತೋರಿಸಿರುವುದು ತೂಕ ಇಳಿಸುವ ಸೆಮಾಗ್ಲುಟೈಡ್. ಮಧುಮೇಹವಿಲ್ಲದ, ಹೃದ್ರೋಗ ಮತ್ತು ಹೆಚ್ಚು ತೂಕ ಇದ್ದ 17,604 ಜನರ ಸೆಲೆಕ್ಟ್ ಪ್ರಯೋಗದಲ್ಲಿ ಅದು ಹೃದಯ–ರಕ್ತನಾಳದ ದೊಡ್ಡ ಅವಘಡಗಳನ್ನು ಶೇ. 20ರಷ್ಟು ತಗ್ಗಿಸಿತು, 2025ರ ಆಗಸ್ಟಿನಲ್ಲಿ ಅಮೆರಿಕ ಅದನ್ನು ಫೈಬ್ರೊಸಿಸ್ ಸಹಿತ ಫ್ಯಾಟಿ ಲಿವರ್ ಉರಿಯೂತಕ್ಕೂ ಒಪ್ಪಿತು. ನಿಲ್ಲಿಸಿದರೆ ತೂಕ ಮರಳುವುದು ಅದರ ಕೊರತೆ.

ಸಿರೋಸಿಸ್ ಕೊನೆಯ ಹಂತ ಮುಟ್ಟಿದವರಿಗೆ ಯಕೃತ್ತಿನ ಕಸಿ ಒಂದೇ ದಾರಿ. ಕಸಿಗೆ ಮುಂಚೆ ಹೃದಯದ ಕೂಲಂಕಷ ಪರೀಕ್ಷೆ ಕಡ್ಡಾಯ; ಹೃದಯ ತಡೆಯದು ಎಂಬ ಕಾರಣಕ್ಕೆ ಕಸಿ ಕೈಬಿಡುವುದೂ ಉಂಟು. ಕಸಿಯಾದ ಮೇಲೆ ಹಲವರ ಹೊಸ ಯಕೃತ್ತಿನಲ್ಲೂ ಕೆಲವೇ ವರ್ಷಗಳಲ್ಲಿ ಕೊಬ್ಬು ಕಾಣಿಸಿಕೊಳ್ಳುತ್ತದೆ. ಬೇರೊಬ್ಬರ ಆರೋಗ್ಯವಂತ ಯಕೃತ್ತು ಬಂದರೂ ಇನ್ಸುಲಿನ್ ಪ್ರತಿರೋಧ ಆ ದೇಹದಲ್ಲೇ ಉಳಿದಿರುತ್ತದೆ. ಕಸಿಯ ತರುವಾಯ ನುಂಗಬೇಕಾದ ಕೆಲವು ಮಾತ್ರೆಗಳು ಸಕ್ಕರೆ ಮತ್ತು ರಕ್ತದೊತ್ತಡವನ್ನು ಇನ್ನಷ್ಟು ಏರಿಸುತ್ತವೆ. ಕಸಿಯ ನಂತರದ ಸಾವುಗಳಿಗೆ ಪ್ರಮುಖ ಕಾರಣಗಳಲ್ಲಿ ಹೃದಯ–ರಕ್ತನಾಳದ ಕಾಯಿಲೆಯೂ ಒಂದು. ಆದ್ದರಿಂದ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲಿನ ಚಿಕಿತ್ಸೆ ಹೊಸ ಯಕೃತ್ತಿನೊಂದಿಗೂ ಎಂದಿನಂತೆ ಮುಂದುವರಿಯುತ್ತದೆ.